ಲಾಟೀನಿನ ಬೆಳಕಿನಲ್ಲಿ ಆಡಿದ ನಾಟಕ: ಬಂಗಾಳಿ ಭಾಷಾ ಹೋರಾಟವನ್ನು ಕಲೆಗಳು ನೆನಪಿಟ್ಟ ಬಗೆ

ಸಾಧನಕೇರಿಯ ಓದುಗ

ಬರುವ ಫೆಬ್ರವರಿ 21ರಂದು, ಅಂತರರಾಷ್ಟ್ರೀಯ ಮಾತೃಭಾಷಾ ದಿನದ ಸಂಜೆ, ಧಾರವಾಡದ ನಮ್ಮ ಸಣ್ಣ ಹವ್ಯಾಸಿ ತಂಡವು ಮುನೀರ್ ಚೌಧುರಿಯವರ ‘ಕಬರ್’ (ಗೋರಿ) ಎಂಬ ಬಂಗಾಳಿ ಏಕಾಂಕವನ್ನು ಕನ್ನಡದಲ್ಲಿ ವಾಚಿಸುವ ಸಿದ್ಧತೆಯಲ್ಲಿದೆ. ವಾಚನಕ್ಕೆ ಮುನ್ನ ಕಾಲು ಗಂಟೆ ನಾನು ಮಾತನಾಡಬೇಕಾಗಿದೆ. ಏನನ್ನು ಹೇಳಬೇಕು, ಏನನ್ನು ಬಿಡಬೇಕು ಎಂಬುದರಲ್ಲಿ ತಮ್ಮೆಲ್ಲರ ನೆರವು ಬೇಡುತ್ತಿದ್ದೇನೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ನಾಟಕದ ಕಥೆಗಿಂತ ಮೊದಲು ಅದು ಹುಟ್ಟಿದ ಜಾಗ. 1952ರಲ್ಲಿ, ಆಗ ಪಾಕಿಸ್ತಾನಕ್ಕೆ ಸೇರಿದ್ದ ಢಾಕಾದಲ್ಲಿ, ಬಂಗಾಳಿಗೂ ರಾಜ್ಯಭಾಷೆಯ ಸ್ಥಾನ ಕೇಳಿದ ವಿದ್ಯಾರ್ಥಿಗಳ ಮೇಲೆ ಪೊಲೀಸರು ಗುಂಡು ಹಾರಿಸಿದ್ದನ್ನು ಖಂಡಿಸಿದ್ದಕ್ಕಾಗಿ ಢಾಕಾ ವಿಶ್ವವಿದ್ಯಾಲಯದ ಅಧ್ಯಾಪಕರಾಗಿದ್ದ ಮುನೀರ್ ಅವರನ್ನು ಸೆರೆಮನೆಗೆ ಹಾಕಿದ್ದರು. ಮೊದಲ ವರ್ಷಾಚರಣೆಗೆ ಒಂದು ನಾಟಕ ಬೇಕೆಂದು ಅದೇ ಜೈಲಿನಲ್ಲಿದ್ದ ಪತ್ರಕರ್ತ ರಣೇಶ್ ದಾಸಗುಪ್ತರು ಗುಟ್ಟಾಗಿ ಚೀಟಿ ಕಳುಹಿಸಿದರು. ರಂಗಸಜ್ಜಿಕೆಯಿಲ್ಲ, ವಿದ್ಯುದ್ದೀಪವಿಲ್ಲ, ಸ್ತ್ರೀಪಾತ್ರಕ್ಕೆ ಹೆಂಗಸರಿಲ್ಲ. ಇವಿಷ್ಟನ್ನೂ ಲೆಕ್ಕಕ್ಕೆ ತೆಗೆದುಕೊಂಡು ಮುನೀರ್ ಅವರು ನಾಟಕವನ್ನು ನಡುರಾತ್ರಿಯ ಸ್ಮಶಾನದಲ್ಲಿ ಇಟ್ಟರು, ಏಕೆಂದರೆ ಅಂಥ ಕತ್ತಲೆಗೆ ಲಾಟೀನಿನ ಬೆಳಕೇ ಸಾಕು. 1953ರ ಫೆಬ್ರವರಿ 21ರ ರಾತ್ರಿ ಢಾಕಾ ಸೆಂಟ್ರಲ್ ಜೈಲಿನಲ್ಲಿ ಕೈದಿಗಳೇ ಆಡಿದರು, ಕೈದಿಗಳೇ ನೋಡಿದರು.

ಗುಂಡಿಗೆ ಬಿದ್ದವರ ಶವಗಳನ್ನು ಬೆಳಗಾಗುವುದರೊಳಗೆ ಮಣ್ಣುಮಾಡಿ ಮುಗಿಸಬೇಕೆಂದು ಒಬ್ಬ ಮುಖಂಡನೂ ಒಬ್ಬ ಪೊಲೀಸ್ ಇನ್ಸ್‌ಪೆಕ್ಟರನೂ ಅವಸರಪಡುತ್ತಾರೆ. ಶವಗಳು ಮಾತ್ರ ಗೋರಿಗೆ ಇಳಿಯಲು ಒಪ್ಪುವುದಿಲ್ಲ. ಅಮೆರಿಕದ ಇರ್ವಿನ್ ಷಾ ಅವರ ಯುದ್ಧವಿರೋಧಿ ನಾಟಕವೊಂದರ ನೆರಳು ಇದರ ಮೇಲೆ ಇದೆ ಎಂದು ವಿಮರ್ಶಕರು ಗುರುತಿಸಿದ್ದಾರೆ. ಇದ್ದರೂ ಇರಲಿ. ಸತ್ತವರು ಹೂತುಹೋಗಲು ನಿರಾಕರಿಸುವ ಕಥೆಯನ್ನು, ಸತ್ತವರ ಜೊತೆಗಾರರೇ ಬೀಗ ಹಾಕಿದ ಗೋಡೆಗಳ ಒಳಗೆ ಆಡಿದರಲ್ಲ, ಆ ರಾತ್ರಿಗೆ ಬೇರೆ ಮೂಲ ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ.

ಹೋರಾಟವೆಲ್ಲ ಮುಗಿದ ಮೇಲೆ ಕಲೆ ಬಂದು ಅದನ್ನು ನೆನಪಿಸುತ್ತದೆ ಎಂದು ನಾನು ತಿಳಿದಿದ್ದೆ. ಇಲ್ಲಿ ಹಾಗೆ ತೋರುತ್ತಿಲ್ಲ. ತಿಳಿದವರು ಹೇಳಬೇಕು.

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ

ತಮ್ಮ ಊಹೆ ಸರಿಯಾಗಿಯೇ ಇದೆ. ಸಭಿಕರಿಗೆ ಹಿನ್ನೆಲೆ ತಿಳಿಯದಿದ್ದರೆ ನಾಟಕದ ಬಿಸಿ ತಟ್ಟುವುದಿಲ್ಲವಾದ್ದರಿಂದ ಮೊದಲು ಎರಡು ಮಾತು. ಪಾಕಿಸ್ತಾನ ಹುಟ್ಟಿದಾಗ ಅದರ ಜನಸಂಖ್ಯೆಯ ಅರ್ಧಕ್ಕಿಂತ ಹೆಚ್ಚು ಜನ ಬಂಗಾಳಿ ಮಾತನಾಡುವವರಾಗಿದ್ದರು. 1948ರ ಫೆಬ್ರವರಿಯಲ್ಲಿ ಧೀರೇಂದ್ರನಾಥ ದತ್ತರು ಸಂವಿಧಾನ ಸಭೆಯಲ್ಲಿ ಬಂಗಾಳಿಗೂ ಸ್ಥಾನ ಕೇಳಿದರು, ಸಭೆ ತಳ್ಳಿಹಾಕಿತು. ಮರುತಿಂಗಳು ಢಾಕಾದ ರೇಸ್‌ಕೋರ್ಸ್ ಮೈದಾನದಲ್ಲಿ ಜಿನ್ನಾ ಅವರು ಉರ್ದುವೊಂದೇ ರಾಜ್ಯಭಾಷೆಯೆಂದು ಸಾರಿದರು. 1952ರ ಜನವರಿಯಲ್ಲಿ ಪ್ರಧಾನಿ ನಾಜಿಮುದ್ದೀನ್ ಅದನ್ನೇ ಮತ್ತೆ ಆಡಿದಾಗ ಬೂದಿ ಮುಚ್ಚಿದ ಕೆಂಡ ಹೊತ್ತಿಕೊಂಡಿತು. ಫೆಬ್ರವರಿ 21ರಂದು ವಿದ್ಯಾರ್ಥಿಗಳು 144ನೇ ಸೆಕ್ಷನ್ ಮುರಿದು ಹೊರಟರು, ವೈದ್ಯಕೀಯ ಕಾಲೇಜಿನ ಬಳಿ ಗುಂಡು ಹಾರಿತು. ಬರಕತ್, ರಫೀಕ್, ಜಬ್ಬಾರ್, ಮರುದಿನ ಶಫಿಯುರ್, ಗಾಯಗೊಂಡು ಏಪ್ರಿಲ್‌ನಲ್ಲಿ ತೀರಿಕೊಂಡ ಸಲಾಂ: ಈ ಐದು ಹೆಸರುಗಳು ಅಲ್ಲಿ ಮಕ್ಕಳಿಗೂ ಬಾಯಿಪಾಠ.

ಈಗ ತಮ್ಮ ಪ್ರಶ್ನೆ. ಗುಂಡಿನ ಸುದ್ದಿ ಅಂದೇ ಚಟ್ಟಗ್ರಾಮವನ್ನು ಮುಟ್ಟಿದಾಗ ಅಲ್ಲಿಯ ಭಾಷಾ ಹೋರಾಟ ಸಮಿತಿಯ ಸಂಚಾಲಕ ಮಹಬೂಬ್ ಉಲ್ ಆಲಂ ಚೌಧುರಿಯವರು ಸೀತಾಳೆ ಸಿಡುಬಿನಿಂದ ಹಾಸಿಗೆ ಹಿಡಿದಿದ್ದರು. ಕೈಯಲ್ಲಿ ಬರೆಯಲಾಗದ ಸ್ಥಿತಿಯಲ್ಲಿ ಅವರು ಹೇಳಿ ಬರೆಸಿದ ದೀರ್ಘ ಕವಿತೆಯ ಹೆಸರಿನ ಅರ್ಥ, ‘ಅಳಲು ಬಂದಿಲ್ಲ, ಗಲ್ಲು ಶಿಕ್ಷೆಯ ಬೇಡಿಕೆ ಹೊತ್ತು ಬಂದಿದ್ದೇನೆ’ ಎಂದು. ರಾತ್ರೋರಾತ್ರಿ ಅಚ್ಚಾಗಿ, ಲಾಲ್‌ದಿಘಿ ಮೈದಾನದ ಸಭೆಯಲ್ಲಿ ಓದಲ್ಪಟ್ಟು, ಕೂಡಲೇ ನಿಷೇಧಕ್ಕೂ ಒಳಗಾಯಿತು. ಏಕುಶೆಯ, ಅಂದರೆ ‘ಇಪ್ಪತ್ತೊಂದರ’ ಮೊದಲ ಕವಿತೆಯೆಂದು ಬಂಗಾಳಿಗಳು ಎಣಿಸುವುದು ಇದನ್ನೇ. ಶೋಕಗೀತೆಯಾಗಲು ಒಲ್ಲದ ಕವಿತೆಯೊಂದಿಗೆ ಒಂದು ಪರಂಪರೆ ಆರಂಭವಾಗಿರುವುದನ್ನು ತಾವು ಗಮನಿಸಬೇಕು.

ಇದಕ್ಕೆ ಎದುರಾಗಿ ಶೋಕವೇ ಮೈವೆತ್ತಂತಿರುವುದು ಅಬ್ದುಲ್ ಗಫಾರ್ ಚೌಧುರಿಯವರ ಹಾಡು. ಢಾಕಾ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಅವರು ಆಸ್ಪತ್ರೆಯಲ್ಲಿ ರಫೀಕರ ಶವ ಕಂಡರು, ತಲೆ ಒಡೆದಿತ್ತು. ತನ್ನ ಸ್ವಂತ ತಮ್ಮನೇ ಅಲ್ಲಿ ಮಲಗಿದ್ದಾನೆ ಎನ್ನಿಸಿದ ಆ ಗಳಿಗೆಯಲ್ಲಿ ಹೊಳೆದ ಸಾಲು ‘ನನ್ನ ಸೋದರನ ರಕ್ತದಲ್ಲಿ ಕೆಂಪಾದ ಫೆಬ್ರವರಿ ಇಪ್ಪತ್ತೊಂದು’. ಮೊದಲು ಅದಕ್ಕೆ ರಾಗ ಹಾಕಿದವರು ಅಬ್ದುಲ್ ಲತೀಫ್. ಇಂದು ಎಲ್ಲರೂ ಹಾಡುವ, ಹೆಜ್ಜೆಗೆ ಹೊಂದುವ ನಿಧಾನಗತಿಯ ರಾಗ ಅಲ್ತಾಫ್ ಮಹಮೂದ್ ಅವರದು.

1953ರ ಮಾರ್ಚಿಯಲ್ಲಿ ಹಸನ್ ಹಫೀಜುರ್ ರಹಮಾನ್ ಅವರು ಕವಿತೆ, ಕಥೆ, ಹಾಡು, ಪ್ರಬಂಧ, ರೇಖಾಚಿತ್ರಗಳನ್ನೆಲ್ಲ ಸೇರಿಸಿ ಒಂದು ಸಂಕಲನ ತಂದರು. ಅದನ್ನೂ ಸರ್ಕಾರ ನಿಷೇಧಿಸಿತು. ಘಟನೆ ನಡೆದು ಹದಿಮೂರು ತಿಂಗಳಾಗುವಷ್ಟರಲ್ಲಿ ಕವಿತೆ, ಹಾಡು, ನಾಟಕ, ಚಿತ್ರ, ಸಂಕಲನ ಎಲ್ಲವೂ ಬಂದಿದ್ದವು ಎಂಬುದನ್ನು ದಯವಿಟ್ಟು ತಮ್ಮ ಸಭಿಕರಿಗೆ ಹೇಳಿ.

ತುಂಗಾತೀರ

ಮೇಷ್ಟ್ರ ಮಾತಿಗೆ ಗೌರವವಿಟ್ಟುಕೊಂಡೇ ಒಂದು ಭಿನ್ನಾಭಿಪ್ರಾಯ ದಾಖಲಿಸುತ್ತೇನೆ. ಆ ಹದಿಮೂರು ತಿಂಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅನಂತರದ ಐವತ್ತು ಅರವತ್ತು ವರ್ಷಗಳಲ್ಲಿ ಆ ನೆನಪು ಸರ್ಕಾರದ ಕ್ಯಾಲೆಂಡರಿಗೆ ಸೇರಿಕೊಂಡಿತಲ್ಲವೇ? ಒಂದು ಕಾಲಕ್ಕೆ ನಿಷೇಧಕ್ಕೊಳಗಾದ ಹಾಡನ್ನು ಈಗ ಅಧಿಕಾರದಲ್ಲಿರುವವರೇ ಮಧ್ಯರಾತ್ರಿ ಹುತಾತ್ಮರ ಸ್ಮಾರಕಕ್ಕೆ ಹೂಗುಚ್ಛ ಇಟ್ಟು ಕೇಳುತ್ತಾರೆ. ನಿಷೇಧಕ್ಕೆ ಎದೆಗೊಟ್ಟ ಕಲೆ ಮನ್ನಣೆಯ ಎದುರು ಏನಾಗುತ್ತದೆ ಎಂಬುದನ್ನು ಕೇಳದೆ ಹೋದರೆ ನಮ್ಮ ಮೆಚ್ಚುಗೆ ಅರ್ಧಕ್ಕೇ ನಿಂತಂತೆ. ‘ಕಬರ್’ ವಾಚಿಸುವವರು ಈ ಪ್ರಶ್ನೆಯನ್ನೂ ಸಭೆಯ ಮುಂದಿಡಬೇಕೆಂಬುದು ನನ್ನ ವಿನಂತಿ.

ಸಾಧನಕೇರಿಯ ಓದುಗ

ಪ್ರಶ್ನೆ ನ್ಯಾಯವಾದದ್ದು. ಆದರೆ ಮನ್ನಣೆ ಸಿಗುವ ಮುನ್ನ ಆ ಕಲೆಗಾರರು ತೆತ್ತದ್ದನ್ನೂ ಒಟ್ಟಿಗೆ ಇಟ್ಟು ನೋಡೋಣ. ಹಾಡಿಗೆ ರಾಗ ಕೊಟ್ಟ ಅಲ್ತಾಫ್ ಮಹಮೂದ್ ಅವರನ್ನು 1971ರ ಆಗಸ್ಟ್ 30ರಂದು ಪಾಕಿಸ್ತಾನದ ಸೇನೆ ಮನೆಯಿಂದ ಎತ್ತಿಕೊಂಡು ಹೋಯಿತು, ಅವರು ಹಿಂತಿರುಗಲಿಲ್ಲ. ‘ಕಬರ್’ ಬರೆದ ಮುನೀರ್ ಚೌಧುರಿಯವರನ್ನು ಬಾಂಗ್ಲಾ ವಿಮೋಚನೆಯ ಯುದ್ಧ ಮುಗಿಯಲು ಎರಡೇ ದಿನವಿರುವಾಗ, ಡಿಸೆಂಬರ್ 14ರಂದು, ಹಿಡಿದೊಯ್ದು ಕೊಂದರು. ಜೈಲಿನಲ್ಲಿದ್ದುಕೊಂಡೇ ಬಂಗಾಳಿ ಎಂ.ಎ. ಪರೀಕ್ಷೆ ಕಟ್ಟಿ ಪಾಸಾದವರು, 1965ರಲ್ಲಿ ಬಂಗಾಳಿ ಟೈಪ್‌ರೈಟರಿಗೆ ಸುಧಾರಿತ ಕೀಲಿಮಣೆ ರೂಪಿಸಿದವರು ಅವರು. ಭಾಷೆಯ ಮೇಲಿನ ಪ್ರೀತಿ ಅವರಲ್ಲಿ ಘೋಷಣೆಗೆ ನಿಲ್ಲದೆ ಬೆರಳ ತುದಿಯ ಕೆಲಸದವರೆಗೂ ಇಳಿದಿತ್ತು. ಸಿನಿಮಾಕ್ಕೆ ಬಂದರೆ ಜಹೀರ್ ರಾಯ್ಹಾನ್. ಅಂದು 144ನೇ ಸೆಕ್ಷನ್ ಮುರಿದ ಮೊದಲ ಹತ್ತು ಜನರ ತಂಡದಲ್ಲಿದ್ದ ಅವರು, ಅಪಹೃತನಾದ ಅಣ್ಣನನ್ನು ಹುಡುಕಿಕೊಂಡು ಹೋಗಿ 1972ರ ಜನವರಿ 30ರಂದು ಕಣ್ಮರೆಯಾದರು. ಐದು ತಿಂಗಳ ಅಂತರದಲ್ಲಿ ರಾಗ, ನಾಟಕ, ಸಿನಿಮಾ ಮೂರೂ ತಮ್ಮ ಒಡೆಯರನ್ನು ಕಳೆದುಕೊಂಡವು.

ಜಹೀರ್ ಅವರ 1970ರ ‘ಜೀಬನ್ ಥೇಕೆ ನೇಯಾ’ ಚಿತ್ರದಲ್ಲಿ ಒಂದು ಮನೆಯಿದೆ. ಆ ಮನೆಯ ಹಿರಿಯಕ್ಕ ಸೆರಗಿಗೆ ಬೀಗದ ಕೈಗಳ ಗೊಂಚಲು ಕಟ್ಟಿಕೊಂಡು ಗಂಡನನ್ನೂ ತಮ್ಮಂದಿರನ್ನೂ ಆಳುತ್ತಾಳೆ, ಮನೆಮಂದಿ ಒಳಗಿನ ಗೋಡೆಗಳಿಗೇ ಪೋಸ್ಟರ್ ಅಂಟಿಸಿ ಪ್ರತಿಭಟಿಸುತ್ತಾರೆ. ಸೇನಾಡಳಿತದ ಕಾಲದಲ್ಲಿ ಸೆನ್ಸಾರಿನ ಎದುರು ಇದಕ್ಕಿಂತ ಹೆಚ್ಚು ಹೇಳಲು ಯಾರಿಗೆ ಸಾಧ್ಯವಿತ್ತು? ಅದೇ ಚಿತ್ರದೊಳಗೆ, ಮುಂಜಾನೆ ಬರಿಗಾಲಲ್ಲಿ ಹಾಡುತ್ತ ಹೋಗುವ ‘ಪ್ರಭಾತ್ ಫೇರಿ’ಯ ನಿಜವಾದ ದೃಶ್ಯಗಳನ್ನೂ ಅವರು ಸೇರಿಸಿದರು. ಅವರ ‘ಆರೇಕ್ ಫಾಲ್ಗುನ್’ ಕಾದಂಬರಿಯ ಕೊನೆಯಲ್ಲಿ ಜೈಲಿಗೆ ಬಂದ ಹುಡುಗರ ಹೆಸರು ಕೂಗಿ ಕೂಗಿ ಅಧಿಕಾರಿ ಸುಸ್ತಾದಾಗ ಒಬ್ಬ ಹೇಳುತ್ತಾನೆ, ಬರುವ ಫಾಲ್ಗುಣಕ್ಕೆ ನಾವು ಇಮ್ಮಡಿಯಾಗುತ್ತೇವೆ ಎಂದು. 1952ರ ಆ ದಿನ ಬಂಗಾಳಿ ಪಂಚಾಂಗದಲ್ಲಿ ಫಾಲ್ಗುಣದ 8ನೇ ದಿನವಾಗಿತ್ತು. ಮುತ್ತುಗ, ಬೂರುಗ ಕೆಂಪಾಗಿ ಅರಳುವ ಕಾಲ. ಅಲ್ಲಿಯ ಕವಿತೆಗಳಲ್ಲಿ ಕೆಂಪು ಹೂ ಕಂಡಾಗಲೆಲ್ಲ ಓದುಗನಿಗೆ ರಕ್ತ ನೆನಪಾಗುವುದು ಈ ಕಾರಣಕ್ಕೇ.

ಬಣ್ಣದ ಬುಟ್ಟಿ

ನಾನು ಮೈಸೂರಿನಲ್ಲಿ ಚಿತ್ರಕಲೆ ಕಲಿಸುವವಳು. ಇಲ್ಲಿಯವರೆಗೆ ಯಾರೂ ಇಟ್ಟಿಗೆ ಗಾರೆಯ ಮಾತೆತ್ತಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಢಾಕಾದಲ್ಲಿರುವ ಈಗಿನ ಶಹೀದ್ ಮಿನಾರ್, ಅಂದರೆ ಭಾಷಾ ಹುತಾತ್ಮರ ಸ್ಮಾರಕ, ಮೊದಲನೆಯದಲ್ಲ. ಮೊದಲನೆಯದನ್ನು 1952ರ ಫೆಬ್ರವರಿ 23ರ ರಾತ್ರಿ ಕರ್ಫ್ಯೂ ಇರುವಾಗಲೇ ವೈದ್ಯಕೀಯ ವಿದ್ಯಾರ್ಥಿಗಳು ಕಟ್ಟಿದರು. ಆಸ್ಪತ್ರೆಯ ಕಟ್ಟಡ ಕೆಲಸಕ್ಕೆಂದು ರಾಶಿ ಹಾಕಿದ್ದ ಇಟ್ಟಿಗೆಯನ್ನೂ ಮರಳನ್ನೂ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರು. ಸಿಮೆಂಟು ಗುತ್ತಿಗೆದಾರರ ಗೋದಾಮಿನಿಂದ ಬಂತು. ಬೆಳಗಾಗುವಾಗ ಸುಮಾರು ಹತ್ತೂವರೆ ಅಡಿ ಎತ್ತರದ ಸ್ತಂಭ ಎದ್ದು ನಿಂತಿತ್ತು. ಫೆಬ್ರವರಿ 26ರಂದು ಪೊಲೀಸರು ಅದನ್ನು ಕೆಡವಿದರು. ಕೆಡವಿದ ಸ್ತಂಭಕ್ಕೆ ಉತ್ತರವಾಗಿ ಅಲಾವುದ್ದೀನ್ ಅಲ್ ಆಜಾದ್ ಅವರು ‘ಸ್ಮೃತಿಸ್ತಂಭ’ ಎಂಬ ಕವಿತೆ ಬರೆದರು. ಇಟ್ಟಿಗೆಯ ಮಿನಾರನ್ನು ಒಡೆದರೇನಂತೆ, ನಾಲ್ಕು ಕೋಟಿ ಕುಟುಂಬಗಳು ಇನ್ನೂ ನಿಂತೇ ಇದ್ದೇವಲ್ಲ ಎಂಬುದು ಅದರ ಭಾವ. ಶಿಲ್ಪ ಬಿದ್ದಲ್ಲಿ ಕವಿತೆ ಎದ್ದಿತು ಎಂದೇ ನಾನು ವಿದ್ಯಾರ್ಥಿಗಳಿಗೆ ಹೇಳುವುದು.

ಬಂಗಾಳಿಗೆ 1956ರಲ್ಲಿ ರಾಜ್ಯಭಾಷೆಯ ಸ್ಥಾನ ಸಿಕ್ಕಿತು, 1957ರಲ್ಲಿ ದೊಡ್ಡ ಸ್ಮಾರಕದ ಕೆಲಸ ಮೊದಲಾಯಿತು. ನಡುವಿನ ಎತ್ತರದ ಕಂಬ ತಲೆ ಬಾಗಿಸಿದ ತಾಯಿ, ಎಡಬಲದ ಗಿಡ್ಡ ಕಂಬಗಳು ಮಕ್ಕಳು. ಕಂಬಗಳಲ್ಲಿ ಬಣ್ಣದ ಗಾಜಿನ ಕಣ್ಣುಗಳಿರಬೇಕು, ಬಿಸಿಲು ಅವುಗಳ ಮೂಲಕ ಹಾಯ್ದು ನೆಲದ ಮೇಲೆ ಬಣ್ಣವಾಗಿ ಬೀಳಬೇಕು ಎಂಬುದು ಮೂಲ ಕಲ್ಪನೆ. 1958ರ ಸೇನಾಡಳಿತ ಕೆಲಸ ನಿಲ್ಲಿಸಿತು. ಕೊನೆಗೆ ಸರಳಗೊಂಡ ರೂಪವನ್ನು 1963ರ ಫೆಬ್ರವರಿ 21ರಂದು ಉದ್ಘಾಟಿಸಿದವರು ಹುತಾತ್ಮ ಬರಕತ್ ಅವರ ತಾಯಿ ಹಸೀನಾ ಬೇಗಂ. ತಾಯಿಯ ಆಕಾರದ ಕಂಬದ ಮುಂದೆ ಮಗನನ್ನು ಕಳೆದುಕೊಂಡ ತಾಯಿಯೇ ಬಂದು ನಿಂತ ಆ ದೃಶ್ಯವನ್ನು ಕಲ್ಪಿಸಿಕೊಂಡಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. 1971ರ ಮಾರ್ಚಿಯಲ್ಲಿ ಸೇನೆ ಅದನ್ನೂ ಒಡೆಯಿತು. ಸ್ವಾತಂತ್ರ್ಯದ ನಂತರ ಮತ್ತೆ ಕಟ್ಟಿದರು. ಗಾಜಿನ ಕಣ್ಣುಗಳು ಮಾತ್ರ ಬರಲೇ ಇಲ್ಲ.

ನಾನು ಹೇಳಲು ಬಂದ ಮುಖ್ಯ ವಿಷಯ ಇನ್ನೊಂದಿದೆ. ಈ ವಿನ್ಯಾಸಕ್ಕೆ ಚಿತ್ರಕಾರ ಹಮೀದುರ್ ರಹಮಾನ್ ಅವರ ಹೆಸರು ಸದಾ ಬರುತ್ತದೆ. ಅವರೊಡನೆ ದುಡಿದ ಶಿಲ್ಪಿ ನೋವೆರಾ ಅಹಮದ್ ಅವರ ಹೆಸರು ದಶಕಗಳ ಕಾಲ ಬಹುಮಟ್ಟಿಗೆ ಮರೆಯಾಗಿತ್ತು. 1960ರಲ್ಲಿ ಢಾಕಾದಲ್ಲಿ ತಮ್ಮ ಶಿಲ್ಪಗಳ ಏಕವ್ಯಕ್ತಿ ಪ್ರದರ್ಶನ ಮಾಡಿದ ಆ ಹೆಣ್ಣುಮಗಳು ಮುಂದೆ ಫ್ರಾನ್ಸಿಗೆ ಹೋಗಿ ನೆಲೆಸಿ 2015ರಲ್ಲಿ ಅಲ್ಲಿಯೇ ತೀರಿಕೊಂಡರು. 1997ರಲ್ಲಿ ಬಾಂಗ್ಲಾದೇಶ ಸರ್ಕಾರದ ‘ಏಕುಶೆ ಪದಕ್’ ಪ್ರಶಸ್ತಿ ಘೋಷಣೆಯಾದ ಮೇಲೆ ಅವರ ಪಾಲಿನ ಬಗ್ಗೆ ಮಾತು ಹೆಚ್ಚಿತು. ನೆನಪನ್ನು ಕಾಪಾಡಲೆಂದೇ ಕಟ್ಟಿದ ಸ್ಮಾರಕ ತನ್ನನ್ನು ಕಟ್ಟಿದವಳನ್ನೇ ಮರೆತದ್ದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ. ತುಂಗಾತೀರ ಅವರು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇಲ್ಲಿಂದಲೇ ಆರಂಭವಾಗುತ್ತದೆ: ಹೂಗುಚ್ಛ ಇಡುವವರ ಬಗ್ಗೆ ಕೋಪಿಸಿಕೊಳ್ಳುವುದಕ್ಕಿಂತ ಯಾರ ಹೆಸರು ಬಿಟ್ಟುಹೋಗಿದೆ ಎಂದು ಹುಡುಕುವುದು ಒಳ್ಳೆಯದು.

ರೈಲ್ವೆ ನಿವೃತ್ತ, ಹುಬ್ಬಳ್ಳಿ

ಬಿಟ್ಟುಹೋದ ಹೆಸರುಗಳ ಮಾತು ಬಂದದ್ದರಿಂದ ನಾನೂ ಬರೆಯುವ ಧೈರ್ಯ ಮಾಡುತ್ತೇನೆ. ನೌಕರಿಯ ದೆಸೆಯಿಂದ ಅಸ್ಸಾಮಿನ ಬರಾಕ್ ಕಣಿವೆಯಲ್ಲಿ ನಾಲ್ಕು ವರ್ಷ ಇದ್ದೆ. ಅಲ್ಲಿಗೆ ಹೋಗುವವರೆಗೆ ಬಂಗಾಳಿ ಭಾಷಾ ಹೋರಾಟವೆಂದರೆ ಢಾಕಾ ಎಂದೇ ನಾನೂ ತಿಳಿದಿದ್ದೆ. 1960ರಲ್ಲಿ ಅಸ್ಸಾಮಿಯನ್ನು ಇಡೀ ರಾಜ್ಯದ ಆಡಳಿತ ಭಾಷೆಯಾಗಿಸುವ ಕಾಯ್ದೆ ಬಂತು. ಬಂಗಾಳಿಗರೇ ಹೆಚ್ಚಿರುವ ಆ ಕಣಿವೆ ಪ್ರತಿಭಟಿಸಿತು. 1961ರ ಮೇ 19ರಂದು ಸಿಲ್ಚಾರ್ ರೈಲು ನಿಲ್ದಾಣದಲ್ಲಿ ಹಳಿಗಳ ಮೇಲೆ ಸತ್ಯಾಗ್ರಹ ಕುಳಿತವರ ಮೇಲೆ ಗುಂಡು ಹಾರಿ ಹನ್ನೊಂದು ಜನ ಸತ್ತರು. ಅವರಲ್ಲಿ ಕಮಲಾ ಭಟ್ಟಾಚಾರ್ಯ ಎಂಬ ಹದಿನಾರು ವರ್ಷದ ಹುಡುಗಿ, ಆಗತಾನೇ ಮೆಟ್ರಿಕ್ ಪರೀಕ್ಷೆ ಬರೆದು ಮುಗಿಸಿದ್ದವಳು. ಅನಂತರ ಕಾಯ್ದೆ ತಿದ್ದುಪಡಿಯಾಗಿ ಕಣಿವೆಯ ಜಿಲ್ಲೆಗಳಲ್ಲಿ ಬಂಗಾಳಿ ಉಳಿಯಿತು.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ಪ್ರತಿ ಮೇ 19ರಂದು ಚಪ್ಪಲಿ ಬಿಟ್ಟು ಪ್ಲಾಟ್‌ಫಾರ್ಮಿಗೆ ಬರುತ್ತಿದ್ದರು. ಮೇ ತಿಂಗಳ ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಬರಿಗಾಲಲ್ಲಿ ಒಂದೆಡೆ ನಿಂತು, ಬಾಯಿಯೊಳಗೇ ಒಂದು ಕವಿತೆ ಹೇಳಿಕೊಂಡು, ಮತ್ತೆ ಚಪ್ಪಲಿ ಮೆಟ್ಟಿ ಕೆಲಸಕ್ಕೆ ಕೂರುತ್ತಿದ್ದರು. ಒಮ್ಮೆ ಕೇಳಿದಾಗ ಅರ್ಥ ಬಿಡಿಸಿ ಹೇಳಿದರು. ಬಂಗಾಳದ ಅಜ್ಜಿಕಥೆಯಲ್ಲಿ ಏಳು ಅಣ್ಣಂದಿರು ಸಂಪಿಗೆಯ ಹೂಗಳಾಗಿರುತ್ತಾರೆ, ಅವರ ಒಬ್ಬಳೇ ತಂಗಿ ಪಾರುಲ್. ಆ ಕಣಿವೆಯ ಕವಿ ಶಕ್ತಿಪದ ಬ್ರಹ್ಮಚಾರಿಯವರು ಏಳನ್ನು ಹತ್ತು ಮಾಡಿದ್ದಾರೆ: ಹತ್ತು ಸಂಪಿಗೆ ಅಣ್ಣಂದಿರು, ಒಬ್ಬ ಪಾರುಲ್ ತಂಗಿ. ಲೆಕ್ಕ ತಿಳಿದ ಕೂಡಲೇ ನನ್ನ ಮೈ ಜುಮ್ಮೆಂದಿತು. ಮಕ್ಕಳಿಗೆ ನಿದ್ದೆ ಬರಿಸಲು ಹೇಳುವ ಕಥೆಯ ಒಂದು ಅಂಕಿಯನ್ನು ಬದಲಿಸಿ ಆ ಕವಿ ಹನ್ನೊಂದು ಹೆಣಗಳನ್ನು ಎಲ್ಲರ ಮನೆಯೊಳಗೆ ತಂದಿಟ್ಟಿದ್ದರು. ಅದಕ್ಕೆ ಹೆಚ್ಚಿನ ಸರ್ಕಾರಿ ಮನ್ನಣೆಯೇನೂ ಇರಲಿಲ್ಲ. ಆ ಹಿರಿಯರಿಗೆ ಅದು ಬೇಕಾಗಿಯೂ ಇರಲಿಲ್ಲ.

ಇನ್ನೊಂದು ಸಂಗತಿ. ಢಾಕಾದ ಹಾಡು ಬರೆದ ಗಫಾರ್ ಚೌಧುರಿಯವರು 2022ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ ದಿನವೂ ಮೇ 19.

ತುಂಗಾತೀರ

ಹಿರಿಯರಾದ ತಮ್ಮ ಬರಹ ಓದಿ ನನ್ನ ವಾದವನ್ನು ಸ್ವಲ್ಪ ತಿದ್ದಿಕೊಳ್ಳಬೇಕಾಗಿದೆ. ಮನ್ನಣೆಯಿಂದ ಕಲೆ ಸೊರಗುತ್ತದೆ ಎಂದು ನಾನು ಹೇಳಿದ್ದೆ. ಮನ್ನಣೆ ಸಿಗದ ಕಡೆ ಅದು ಹೇಗೆ ಉಳಿಯುತ್ತದೆ ಎಂಬುದನ್ನು ತಾವು ತೋರಿಸಿದಿರಿ. ಆದರೂ ಒಂದು ಅಳಲು ಉಳಿಯುತ್ತದೆ. ಅದೇ ಬರಾಕ್ ಕಣಿವೆಯಲ್ಲಿ 1996ರ ಮಾರ್ಚ್ 16ರಂದು ಬಿಷ್ಣುಪ್ರಿಯ ಮಣಿಪುರಿ ಭಾಷೆಗಾಗಿ ನಡೆದ ರೈಲು ತಡೆಯಲ್ಲಿ ಸುದೇಷ್ಣಾ ಸಿನ್ಹಾ ಎಂಬ ತರುಣಿ ಪೊಲೀಸರ ಗುಂಡಿಗೆ ಬಲಿಯಾದಳು. ಬಂಗಾಳಿಯ ಹಾಡುಗಳು ಕಡಲಾಚೆ ಕೇಳುತ್ತಿರುವಾಗ ಅವಳಿಗಾಗಿ ಕಟ್ಟಿದ ಹಾಡುಗಳು ಅವಳ ಸಣ್ಣ ಸಮುದಾಯದ ಆಚೆಗೆ ಬಂದದ್ದು ಕಡಿಮೆ. ಬಾಂಗ್ಲಾದೇಶದ ಗುಡ್ಡಗಾಡಿನ ಚಾಕ್ಮಾ, ಮಾರ್ಮಾ ಮಕ್ಕಳಿಗೆ ತಮ್ಮ ಭಾಷೆಯ ಸರ್ಕಾರಿ ಪಠ್ಯಪುಸ್ತಕ ಸಿಕ್ಕಿದ್ದು 2017ರಲ್ಲಿ. ಮಾತೃಭಾಷೆಯ ಹೆಸರಿನ ದಿನವನ್ನು ಲೋಕಕ್ಕೆ ಕೊಟ್ಟ ನಾಡು ತನ್ನೊಳಗಿನ ಸಣ್ಣ ಭಾಷೆಗಳಿಗೆ ಇಷ್ಟು ತಡವಾಗಿ ಕಿವಿಗೊಟ್ಟಿತೆಂಬುದು ನನ್ನ ನಿಜವಾದ ನೋವು. ಕನ್ನಡವನ್ನು ಪ್ರೀತಿಸುವ ನಾವು ತುಳು, ಕೊಡವ, ಬ್ಯಾರಿಗಳ ಎದುರು ನಿಂತು ಇದನ್ನು ಓದಬೇಕು.

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ

ಒಪ್ಪಿದೆ. ನಮ್ಮ ನೆಲದೊಡನೆ ನಿಜವಾದ ಕೊಂಡಿಯೊಂದನ್ನು ಸೇರಿಸುತ್ತೇನೆ. ಆಗ ಬಿಹಾರಕ್ಕೆ ಸೇರಿದ್ದ ಮಾನಭೂಮ್ ಜಿಲ್ಲೆಯಲ್ಲಿ ಬಂಗಾಳಿಗರು ಹಿಂದಿ ಹೇರಿಕೆಯ ವಿರುದ್ಧ ಹೋರಾಡಿದರು. 1954ರಲ್ಲಿ ಅವರು ಹಿಡಿದ ಆಯುಧ ಟುಸು ಹಾಡು. ಮಕರ ಸಂಕ್ರಾಂತಿಯವರೆಗೆ ತಿಂಗಳಿಡೀ ಹೆಣ್ಣುಮಕ್ಕಳು ಹಾಡುವ ಸುಗ್ಗಿಯ ಹಾಡುಗಳವು. ಅದೇ ಮಟ್ಟಿಗೆ ಭಾಷೆಯ ಮಾತುಗಳನ್ನು ಕೂರಿಸಿ ಊರೂರು ಹಾಡಿದರು, ಹಾಡಿದ್ದಕ್ಕಾಗಿ ಜೈಲಿಗೆ ಹೋದರು. 1956ರ ಏಪ್ರಿಲ್ 20ರಂದು ಪಾಕ್‌ಬಿಡ್ರಾ ಗ್ರಾಮದಿಂದ ಸಾವಿರದಷ್ಟು ಜನ ಹಾಡುತ್ತ ಕಾಲ್ನಡಿಗೆಯಲ್ಲಿ ಹೊರಟು ಮೇ 6ರಂದು ಕಲ್ಕತ್ತ ಮುಟ್ಟಿದರು. ಕೊನೆಗೆ ಮಾನಭೂಮಿನ ಒಂದು ಭಾಗ ಪುರುಲಿಯಾ ಜಿಲ್ಲೆಯಾಗಿ ಪಶ್ಚಿಮ ಬಂಗಾಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ನಾವು ರಾಜ್ಯೋತ್ಸವ ಆಚರಿಸುವ ದಿನವೇ ಅಲ್ಲಿಯ ಮನೆಗಳಲ್ಲೂ ದೀಪ ಬೆಳಗಿದ ದಿನ. ಧಾರವಾಡದ ಸಭಿಕರಿಗೆ ಇದನ್ನು ಹೇಳಿದರೆ ಢಾಕಾ ಅಷ್ಟು ದೂರವೆನ್ನಿಸಲಾರದು.

ಥೇಮ್ಸ್ ದಡದ ಕನ್ನಡತಿ

ಪೂರ್ವ ಲಂಡನ್ನಿನಲ್ಲಿ ನನ್ನ ಮನೆ. ಇಲ್ಲಿಯ ಅಲ್ತಾಬ್ ಅಲಿ ಉದ್ಯಾನದಲ್ಲಿ ಢಾಕಾದ ಮಿನಾರಿನದೇ ಚಿಕ್ಕ ಪ್ರತಿರೂಪವನ್ನು 1999ರಲ್ಲಿ ನಿಲ್ಲಿಸಿದ್ದಾರೆ. ಅದೇ ವರ್ಷ ನವೆಂಬರಿನಲ್ಲಿ ಯುನೆಸ್ಕೊ ಫೆಬ್ರವರಿ 21ನ್ನು ಮಾತೃಭಾಷಾ ದಿನವೆಂದು ಸಾರಿತು. ಉದ್ಯಾನಕ್ಕೆ ಹೆಸರಾದ ಅಲ್ತಾಬ್ ಅಲಿ 1978ರಲ್ಲಿ ಜನಾಂಗದ್ವೇಷಿಗಳ ಕೈಯಲ್ಲಿ ಸತ್ತ ಬಡ ಹೊಲಿಗೆ ಕೆಲಸಗಾರ. ಹೋದ ವರ್ಷ ಫೆಬ್ರವರಿ 20ರ ಮಧ್ಯರಾತ್ರಿ ನಾನೂ ಹೋಗಿದ್ದೆ. ಕೊರೆಯುವ ಚಳಿಯಲ್ಲಿ ನನ್ನ ಮುಂದಿದ್ದ ಮುದುಕಿಯೊಬ್ಬರು ಮೆಟ್ಟಿಲ ಬಳಿ ಬೂಟನ್ನೂ ಕಾಲುಚೀಲವನ್ನೂ ಬಿಚ್ಚಿ ಕೈಚೀಲಕ್ಕೆ ಹಾಕಿಕೊಂಡರು. ಹಾಡು ಶುರುವಾದಾಗ ಮೊಮ್ಮಗಳ ಕಿವಿಯಲ್ಲಿ ಪ್ರತಿ ಸಾಲನ್ನೂ ಮೊದಲು ತಾವು ಹೇಳಿ, ಆಮೇಲೆ ಅವಳಿಂದ ಹಾಡಿಸುತ್ತಿದ್ದರು. ಆಚರಣೆ ಬತ್ತಿಹೋಗಿದೆಯೇ ಎಂಬ ಚರ್ಚೆಯಲ್ಲಿ ನಾನು ಹೇಳಬಲ್ಲದ್ದು ನಾನು ಕಂಡ ಇಷ್ಟನ್ನು ಮಾತ್ರ.

ಸಾಧನಕೇರಿಯ ಓದುಗ

ಎಲ್ಲರಿಗೂ ಕೈಮುಗಿದು ಕೃತಜ್ಞತೆ ಹೇಳುತ್ತೇನೆ. ನಿನ್ನೆ ತಾಲೀಮಿನಲ್ಲಿ ತಂಡದವರಿಗೆ ಇವನ್ನೆಲ್ಲ ಓದಿ ಹೇಳಿದೆ. ಕಾಲು ಗಂಟೆಯ ಭಾಷಣವನ್ನು ಕೈಬಿಟ್ಟಿದ್ದೇವೆ. ಬದಲಾಗಿ, ಸಂಪಿಗೆಯ ಹತ್ತು ಅಣ್ಣಂದಿರ ಕವಿತೆಯ ಕಥೆಯನ್ನು, ಗಾಜಿನ ಕಣ್ಣುಗಳಿಲ್ಲದ ಮಿನಾರಿನ ಕಥೆಯನ್ನು, ಟುಸು ಹಾಡುಗಳ ಕಥೆಯನ್ನು ಮೂವರು ಹುಡುಗಿಯರು ಒಬ್ಬೊಬ್ಬರಾಗಿ ಹೇಳುತ್ತಾರೆ; ಸುದೇಷ್ಣಾಳ ಹೆಸರನ್ನೂ ನೋವೆರಾ ಅವರ ಹೆಸರನ್ನೂ ಅವರೇ ಮೊದಲು ಉಚ್ಚರಿಸುತ್ತಾರೆ. ನಂತರ ವಾಚನ.

ಬೆಳಕಿನ ವಿಷಯದಲ್ಲಿ ಮಾತ್ರ ಒಂದು ತೊಡಕಿತ್ತು. ಲಾಟೀನು ಹಚ್ಚಿದರೆ ಪ್ರತಿಯ ಅಕ್ಷರ ಕಾಣುವುದಿಲ್ಲವೆಂದು ಹುಡುಗರು ದೂರಿದರು, ಅದು ನಿಜವೂ ಹೌದು. ಒಂದು ಪುಟ ಓದುವಷ್ಟರಲ್ಲಿ ಎರಡು ಕಡೆ ತಡವರಿಸಿದರು. ಶವದ ಪಾತ್ರ ವಹಿಸಿರುವ ಹುಡುಗ ಆಗ ಪ್ರತಿಯನ್ನು ಮಡಚಿ ನೆಲದ ಮೇಲಿಟ್ಟು, ಹಾಗಾದರೆ ಬಾಯಿಪಾಠ ಮಾಡೋಣ ಸರ್, ಇನ್ನೂ ಮೂರು ವಾರ ಇದೆ ಎಂದ. ಇವತ್ತು ಸಂಜೆ ಆರಕ್ಕೆ ಮತ್ತೆ ಸೇರುತ್ತಿದ್ದೇವೆ. ನಮ್ಮ ಅತ್ತೆಯವರ ಅಟ್ಟದಲ್ಲಿ ಎರಡು ಹಳೆಯ ಲಾಟೀನುಗಳು ಸಿಕ್ಕಿವೆ, ಬುರುಡೆ ತೊಳೆದು ಬತ್ತಿ ಬದಲಿಸಿದ್ದೇನೆ.